ಹೊತ್ತು ಮುಳುಗುವ ಮುನ್ನ ನುಂಗಿದ ಮಾತ್ರೆ

ಗಾಬರಿಗೆ ಮಾತ್ರೆ ಬರೆದವರು ಡಾಕ್ಟರು. ಅದರ ಫಲ ಉಂಡವಳು ಅಪ್ಪನ ತಾಯಿ, ನಮ್ಮ ಆಯಿ. ಸೀದ ರೊಟ್ಟಿಯ ವಾಸನೆಗೆ ಇಂದಿಗೂ ಶಿರಗುಪ್ಪಿಯ ಆ ಸಂಜೆ ನೆನಪಾಗುತ್ತದೆ.

ಮಾತ್ರೆಯನ್ನು ರಾತ್ರಿ ನುಂಗಬೇಕಿತ್ತು. ಆದರೆ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ನೀರನ್ನೂ ಮುಟ್ಟುತ್ತಿರಲಿಲ್ಲ. ಆಯಿ ಬಿಸಿಲಿರುವಾಗಲೇ ಉಂಡು, ಮಾತ್ರೆ ನುಂಗಿ, ಹೊತ್ತು ಮುಳುಗುವುದರೊಳಗೆ ಉಳಿದವರೂ ಉಣ್ಣಲೆಂದು ರೊಟ್ಟಿ ಬಡಿಯಲು ಕೂತಳು. ಕೂತಲ್ಲೇ ತೂಕಡಿಸಿದಳು. ಸೆರಗು ಒಲೆಯತ್ತ ಜಾರಿತು.

ಅವ್ವ ಓಡಿಬಂದು ಸೆರಗು ಎಳೆದಳು. "ಅತ್ತಿ, ಏಳ್ರಿ! ಸುಟ್ಕೊಂಡೀರಿ!"

ಆಯಿ ಅರೆಗಣ್ಣಲ್ಲೇ ನಕ್ಕಳು. "ನನ್ನ ಗಾಬರಿ ನಿನಗ ಹತ್ತೇತಿ ನೋಡವಾ!"

ಕರಿರೊಟ್ಟಿ ತಿನ್ನುತ್ತ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವ್ವ ಮಾತ್ರ ಸೆರಗಿನ ಅಂಚನ್ನು ಸವರುತ್ತಲೇ ಇದ್ದಳು.

ಮಾತ್ರೆ ಬರೆಯುವ ಡಾಕ್ಟರರೇ, ಅದು ತೂಕಡಿಕೆ ತರುತ್ತದೆ, ಚಟವೂ ಆಗಬಹುದು ಎಂದು ರೋಗಿಯ ಮಾತಿನಲ್ಲೇ ಹೇಳಿರಿ. ಅದಕ್ಕೂ ಮೊದಲು, ಅವರ ಮನೆಯಲ್ಲಿ ಕಡೆಯ ಊಟ ಯಾವಾಗ ಎಂದು ಕೇಳಿರಿ.