ಕೆರೆಯಾಚೆಯ ಮೆಂತ್ಯದ ಸೊಪ್ಪು

ಹೆಂಡತಿಯ ಹದಿಮೂರನೇ ದಿನದ ಕಾರ್ಯ ಮುಗಿದು ವಾರವಾದರೂ ಆತ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಳು ಬಂದಿರಲಿಲ್ಲ. ಯಾರು ಏನು ಕೊಟ್ಟರೂ ರುಚಿ ತಿಳಿಯದೆ ಉಣ್ಣುತ್ತಿದ್ದ. ಮಂಡಿಗಳು ಮಾತ್ರ ಕೊರಡಿನ ಹಾಗೆ ಬಿಗಿದುಕೊಂಡಿದ್ದವು.

ಹೆಂಡತಿಯ ತಮ್ಮ ಸೈಕಲ್ಲಿಗೆ ಗಾಳಿ ಹೊಡೆದು ತಂದು ಅಂಗಳದಲ್ಲಿ ನಿಲ್ಲಿಸಿದ.

"ಏಳಿ ಭಾವ, ಒಂದು ಸುತ್ತು ಹೋಗಿ ಬನ್ನಿ. ಮಂಡಿ ಸವೆದಿದೆ, ದಿನಾ ನಿಧಾನವಾಗಿ ಸೈಕಲ್ ತುಳೀಲಿ, ಕೂತುಬಿಟ್ಟರೆ ಕಾಲು ಹಿಡ್ಕೊಳ್ಳುತ್ತೆ ಅಂತ ಡಾಕ್ಟರು ಹೇಳಿದ್ರಂತೆ. ಅಕ್ಕ ಹೇಳ್ತಿದ್ಲು. ಆರು ವರ್ಷ ತುಳಿದೋರು ಈಗ ಬಿಟ್ಟರೆ ಹಾಸಿಗೆ ಹಿಡೀತೀರಿ."

"ಡಾಕ್ಟರ ಮಾತು ಕೇಳಿ ಯಾವನು ತುಳಿದ? ಅವರ ಚೀಟಿ ಅವತ್ತೇ ಬಿಸಾಕಿದೆ. ನಾನು ತುಳಿದಿದ್ದು ನಿಮ್ಮಕ್ಕನ ಕಾಟಕ್ಕೆ."

"ಅಕ್ಕ ಏನು ಕಾಟ ಕೊಟ್ಟಳು?"

"ಸೊಪ್ಪಿನವಳು ಬಾಗಿಲಿಗೇ ಬಂದರೂ ಬೇಡ, ಆ ಮಹಾರಾಯ್ತಿಗೆ ಕೆರೆ ಆಚೆ ತೋಟದ ಮೆಂತ್ಯವೇ ಆಗಬೇಕು. ಅದೂ ದಿನಾ. ನನ್ನ ಕೈಲಾಗಲ್ಲ ಕಣೇ, ಲೇಡೀಸ್ ಸೈಕಲ್ ಕೊಡಿಸ್ತೀನಿ, ಕಲಿತು ನೀನೇ ಹೋಗಿ ತಗೊಂಬಾ ಅಂದೆ. ಈ ವಯಸ್ಸಲ್ಲಿ ಕಲಿಯೋಕೆ ಹೋಗಿ ಸೊಂಟ ಮುರ್ಕೊಳ್ಳಲಾ, ನೀವೇ ಹೋಗಿ ಅಂದ್ಲು. ಇನ್ನು ಯಾರಿಗೆ ತರಲಿ ಹೇಳು. ಒಳಗಿಡು ಅದನ್ನ."

ಭಾವಮೈದ ಸೈಕಲ್ಲನ್ನು ಒಳಗಿಡಲಿಲ್ಲ. ಸ್ವಲ್ಪ ಹೊತ್ತು ಅದರ ಸೀಟು ಒರೆಸುತ್ತ ನಿಂತಿದ್ದ.

"ಭಾವ, ನನ್ನನ್ನ ಹಿಂದೆ ಕೂರಿಸ್ಕೊಂಡು ಮೂರು ವರ್ಷ ಹೈಸ್ಕೂಲಿಗೆ ಸೈಕಲ್ ತುಳಿದೋಳು ಅಕ್ಕನೇ."