ಗಿಳಿ ಕೇಳಿದ ಪ್ರಶ್ನೆ

"ವಾಟ್ ಈಸ್ ಯುವರ್ ನೇಮ್?" ಎಂದಿತು ಹಸಿರು ಬಟ್ಟೆಯ ಗಿಳಿ. ಅದರ ಹೊಟ್ಟೆಯೊಳಗೆ ಕೈ ತೂರಿಸಿ ಕೂತಿದ್ದ ಟೀಚರ್ ಕೊಕ್ಕನ್ನು ಟಪಟಪ ಆಡಿಸಿದಳು. "ಈ ಗಿಳಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರಲ್ಲ ಪುಟ್ಟೀ. ಇದರ ಜೊತೆ ಮಾತಾಡಿದ್ರೇನೇ ಒಂದನೇ ಕ್ಲಾಸಿಗೆ ಸೀಟು."

ಹುಡುಗಿ ಗಿಳಿಯನ್ನು ನೋಡಿದಳು. ಕೆಳಗೆ ಬಗ್ಗಿ ಟೀಚರ್ ಮೊಣಕೈಯನ್ನೂ ನೋಡಿದಳು. "ಅಮ್ಮಾ, ಇದರ ಹೊಟ್ಟೇಲಿ ಮಿಸ್ ಕೈ ಇದೆ!"

ಮಗಳು ಕನ್ನಡದಲ್ಲೇ ಕೂಗಿದ್ದು ಕೇಳಿ ಅಮ್ಮ ಅವಳ ತೋಳು ತಿವಿದಳು. ಪಾತ್ರೆ ತೊಳೆಯುತ್ತ, ಬಟ್ಟೆ ಒಣಹಾಕುತ್ತ ಮಗಳಿಗೆ ಅರೆದು ಕುಡಿಸಿದ್ದ ಇಂಗ್ಲಿಷ್ ಎಲ್ಲಿ ಹೋಯಿತು? ಮನೆಯಲ್ಲಿ ಅತ್ತೆ ತೀರ್ಪು ಕೊಟ್ಟಾಗಿತ್ತು: "ಬಾವೀಲಿ ಇಲ್ಲದ್ದು ಬಿಂದಿಗೇಲಿ ಎಲ್ಲಿಂದ ಬರತ್ತೆ?"

"ನಾಚ್ಕೋತಾಳೆ ಮಿಸ್. ಮನೇಲಿ ಬಾಯೇ ಮುಚ್ಚಲ್ಲ."

"ಹಾಗಾದ್ರೆ ಒಂದ್ಸಲ ನೀವೇ ಉತ್ತರ ಹೇಳಿ ತೋರಿಸಿ, ನೋಡಿ ಕಲೀತಾಳೆ." ಟೀಚರ್ ಗಿಳಿಯನ್ನು ಅಮ್ಮನತ್ತ ತಿರುಗಿಸಿದಳು. "ವಾಟ್ ಡು ಯೂ ಲೈಕ್ ಟು ಈಟ್?"

"ಐ ಲೈಕ್..." ಅಮ್ಮ ತಡವರಿಸಿದಳು. ಗಂಡನಿಗೆ ಖಾರ ಮುಂದಿರಬೇಕು, ಅತ್ತೆಗೆ ಮೆತ್ತಗೆ ಬೆಂದಿರಬೇಕು, ಮಗಳಿಗೆ ಸಿಹಿ. ಇಷ್ಟು ಥಟ್ಟನೆ ಹೊಳೆಯಿತು. ತನಗೆ? ಇದನ್ನು ಯಾವ ಭಾಷೆಯಲ್ಲೂ ಯಾರೂ ಅವಳನ್ನು ಕೇಳಿರಲಿಲ್ಲ. ಈಗ ಕೇಳುತ್ತಿರುವುದು ಗುಂಡಿಗಣ್ಣಿನ ಒಂದು ಗಿಳಿ.

"ಹಾಟ್ ಫುಡ್," ಎಂದಳು. "ಆಲ್ ಈಟ್ ಫಸ್ಟ್. ಐ ಈಟ್ ಲಾಸ್ಟ್. ದೆನ್ ಕೋಲ್ಡ್. ಎವ್ರಿ ಡೇ ಕೋಲ್ಡ್. ಹಸ್ಬೆಂಡ್ ಸೇ, ನೋ ಸಾಲ್ಟ್. ಓನ್ಲಿ ದಟ್ ಹಿ ಸೇ. ಆಲ್ ಡೇ, ಓನ್ಲಿ ದಟ್..."

ಟೀಚರ್‌ಗೆ ಗಿಳಿಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. "ಸಾಕು ಮೇಡಂ, ಇದು ಮಕ್ಕಳ ಪರೀಕ್ಷೆ," ಎನ್ನುತ್ತ ಕೈಯನ್ನು ಮೆಲ್ಲಗೆ ಹೊರಗೆಳೆದುಕೊಳ್ಳತೊಡಗಿದಳು. ಗಿಳಿಯ ಕತ್ತು ಕುಸಿಯಿತು.

ಹುಡುಗಿ ಚಂಗನೆ ಜಿಗಿದು ಅದರ ಕತ್ತು ಹಿಡಿದು ನೆಟ್ಟಗೆ ನಿಲ್ಲಿಸಿದಳು. "ನೋ! ವೇಯ್ಟ್! ಮೈ ಮದರ್ ಈಸ್ ಟಾಕಿಂಗ್!"

ಟೀಚರ್ ಕಣ್ಣರಳಿಸಿದಳು. ಬೆಳಗಿನಿಂದ ಬಂದ ಮಕ್ಕಳೆಲ್ಲ ಒಪ್ಪಿಸಿದ್ದು ಬರೀ ಬಾಯಿಪಾಠ. "ಅಯ್ಯೋ ಕಳ್ಳಿ, ಇಷ್ಟು ಚೆನ್ನಾಗಿ ಬರತ್ತಲ್ಲೇ! ಸೀಟು ಕೊಟ್ಟೆ ಹೋಗು. ಮೇಡಂ, ಮುಗೀತು. ನೀವಿನ್ನು ಹೊರಡಬಹುದು."

ಅಮ್ಮ ಏಳಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಗಿಳಿಯತ್ತ ಬಾಗಿದಳು.

"ನೆಕ್ಸ್ಟ್ ಕ್ವೆಶ್ಚನ್?"