ಹಸಿರು ಪುಡಿಯ ಡಬ್ಬಿ

ಹದಿನಾರು ವರ್ಷಗಳ ಹಿಂದೆ, ಕೂಸು ಬೆಗಿಮಾಯ್‌ಳನ್ನು ತೊಟ್ಟಿಲಿಗೆ ಹಾಕಿದ ದಿನ, ಅವಳ ಸೋದರಮಾವ ತುರ್ಗುನ್ ಕುಡಿದ ಅಮಲಿನಲ್ಲಿ ಎದ್ದು ನಿಂತು ಮಾತು ಕೊಟ್ಟಿದ್ದ. "ನನ್ನ ಕೈಗೆ ಬಂದದ್ದರಲ್ಲಿ ಎಲ್ಲಕ್ಕಿಂತ ಒಳ್ಳೇದು ಈ ಹುಡುಗಿಗೇ. ಕೇಳಿಸ್ತಾ ಎಜೆ?" ಅಕ್ಕನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

ಅಕ್ಕ ಅನಾರ್ಕುಲ್‌ಗೆ ಕೇಳಿಸಿತ್ತು. ಆಮೇಲೆ ಚಳಿಗಾಲಕ್ಕೆ ಕಲ್ಲಿದ್ದಲು ತರುತ್ತೇನೆಂದ, ತರಲಿಲ್ಲ. ಅವಳ ಗಂಡ ಸತ್ತ ನಲವತ್ತನೇ ದಿನದ ಊಟಕ್ಕೆ ಕುರಿ ತರುತ್ತೇನೆಂದ. ಬರಿಗೈಲಿ ಬಂದು ಎರಡು ತಟ್ಟೆ ಪಲಾವ್ ತಿಂದು ಹೋದ.

ಈಗ ಬಿಷ್ಕೆಕ್‌ನ ಕಂಪ್ಯೂಟರ್ ಸಂತೆಯಲ್ಲಿ, ಅವನ ಗೂಡಂಗಡಿಯ ಮುಂದೆ, ಅವಳು ಮಗಳ ಜೊತೆ, ಮೂಗಿಗೆ ತಲೆವಸ್ತ್ರದ ತುದಿ ಒತ್ತಿ ನಿಂತಿದ್ದಳು. ತುಟಿಯ ಹಿಂದೆ ನಸ್ವಾಯ್ ತುರುಕಿಕೊಂಡ ತಮ್ಮ, ಆ ಹಸಿರು ಹೊಗೆಸೊಪ್ಪಿನ ರಸವನ್ನು ಕಾಗದದ ಲೋಟಕ್ಕೆ ಉಗಿದ. ಲೋಟ ಅರ್ಧ ತುಂಬಿತ್ತು. ಪಕ್ಕದಲ್ಲೇ ಅವನು ಕಚ್ಚಿಟ್ಟ ಸಮೋಸಾ.

"ಓವರ್‌ಕ್ಲಾಕ್ ಸ್ಪರ್ಧೆಗೆ ಪ್ರೊಸೆಸರ್ ಬೇಕು," ಅಂದಳು. "ಶನಿವಾರ. ಗೆದ್ದರೆ ತಾಂತ್ರಿಕ ಕಾಲೇಜಲ್ಲಿ ಇವಳಿಗೆ ಫೀಸಿಲ್ಲದೆ ಸೀಟು. ಸೋತರೆ ನನ್ನ ಜೊತೆ ಚಪ್ಪಲಿ ಮಾರಬೇಕು."

"ನಿಯಮ ಗೊತ್ತು ಎಜೆ. ಹಳೇದೋ ಹೊಸದೋ, ಪ್ರೊಸೆಸರ್ ಬೆಲೆ ನಾಲ್ಕು ಸಾವಿರ ಸೋಮ್ ದಾಟಬಾರದು. ಕಾರ್ಖಾನೆ ಬರೆದದ್ದಕ್ಕಿಂತ ಜಾಸ್ತಿ ವೇಗದಲ್ಲಿ, ಸುಡದ ಹಾಗೆ, ಹತ್ತು ನಿಮಿಷ ಓಡಿಸಬೇಕು."

ಅವನು ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದ. ನಸ್ವಾಯ್ ಡಬ್ಬಿ. ಒಳಗೆ ಪುಡಿಯ ಬದಲು ಹತ್ತಿ. ಹತ್ತಿಯ ಮೇಲೊಂದು ಚಿಪ್. ನೆತ್ತಿಯ ಮೇಲೆ ಅಲ್ಲಲ್ಲಿ, ಹಿಂದೆ ಫ್ಯಾನ್ ಕೂರಿಸಿದಾಗಿನ ಒಣಗಿದ ಬೂದು ಅಂಟು, ಅಂಚಿನಲ್ಲಿ ಗೀರು. ಒಂದು ಮೂಲೆಯ ಪಿನ್ ಬಾಗಿದ್ದನ್ನು ಯಾರೋ ನೆಟ್ಟಗೆ ಮಾಡಿದ್ದರು.

"ಮೂರೂವರೆ ಸಾವಿರ. ಇದು ಓಡ್ತದೆ. ನಾನೇ ಓಡಿಸಿ ನೋಡಿದೀನಿ."

ಅನಾರ್ಕುಲ್ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಬ್ಬರು ಹಿಂಡಿ ಬಿಟ್ಟದ್ದನ್ನು ಒರೆಸಿ ಮಾರುವುದೇ ಇವನ ವ್ಯಾಪಾರವೆಂದು ಸಂತೆಗೆಲ್ಲ ಗೊತ್ತು. ಸ್ವಂತ ಅಕ್ಕನ ಮಗಳಿಗೂ ಅದೇ ಎಂಜಲು!

ಬೆಗಿಮಾಯ್ ಡಬ್ಬಿಯ ಮೇಲೆ ಬಗ್ಗಿದ್ದಳು. ಚಿಪ್ಪಿನ ಮೇಲಿನ ಸಣ್ಣ ಅಕ್ಷರಗಳನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. "ಅಮ್ಮಾ, ಒಂದೇ ಬೆಲೆಯ ಚಿಪ್ಪುಗಳೆಲ್ಲ ಒಂದೇ ಥರ ಇರಲ್ಲ. ಕೆಲವು ಬೇಗ ಸಾಯ್ತವೆ, ಕೆಲವು..."

"ಬಾಯ್ಮುಚ್ಚು. ಉಗುಳಿನ ಡಬ್ಬಿಯಿಂದ ತೆಗೆದದ್ದು ನನ್ನ ಮನೆಗೆ ಬೇಡ."

"ಎಜೆ, ಕಣ್ಮುಚ್ಚಿ ತಗೊಂಡು ಹೋಗು."

"ಕಣ್ಮುಚ್ಚಿಯೇ ಇಷ್ಟು ವರ್ಷ ನಿನ್ನ ನಂಬಿದ್ದು." ಅವಳು ಡಬ್ಬಿಯನ್ನು ಅವನತ್ತ ತಳ್ಳಿದಳು. ಕೈಬೆರಳನ್ನು ಕೋಟಿಗೆ ಒರೆಸಿಕೊಂಡಳು, ಎರಡು ಸಲ. "ಕಲ್ಲಿದ್ದಲೂ ಇಲ್ಲ, ಕುರಿಯೂ ಇಲ್ಲ. ಈಗ ಇದು. ಥೂ!"

ತುರ್ಗುನ್ ನಕ್ಕ. ಹಲ್ಲೆಲ್ಲ ಹಸಿರು.

ಅವಳು ಮಗಳ ತೋಳು ಹಿಡಿದು ನಾಲ್ಕಂಗಡಿ ಆಚೆಗೆ, ಸಾಮತ್‌ನ ಮಳಿಗೆಗೆ ನಡೆದಳು. ಗಾಜು ಹೊಳೆಯುತ್ತಿತ್ತು. ಸಾಮತ್‌ನ ಅಂಗಿ ಇಸ್ತ್ರಿಯಾಗಿತ್ತು.

"ಸೀಲ್ ಹಾಕಿದ್ದು ಬೇಕು. ನಾಲ್ಕು ಸಾವಿರದ ಒಳಗೆ ಯಾವುದು ಚೆನ್ನಾಗಿ ಓಡ್ತದೋ ಅದು."

"ಕೂತ್ಕೊಳ್ಳಿ ಎಜೆ, ಚಹಾ ಕುಡೀರಿ. ಗೋದಾಮಿನಿಂದ ತರ್ತೀನಿ."

ಮೊದಲ ಬಟ್ಟಲು ಮುಗಿಯಿತು. ಎರಡನೆಯದೂ ಮುಗಿಯಿತು. ಸಾಮತ್ ಏದುಸಿರು ಬಿಡುತ್ತಾ ಬಂದ, ಕೈಯಲ್ಲಿ ಸೀಲ್ ಹಾಕಿದ ಡಬ್ಬ. "ಮೂರೂವರೆ ಸಾವಿರ. ನಿಮಗೆ ಅಂತ."

ಡಬ್ಬದ ಪಕ್ಕದ ಸಣ್ಣ ಕಿಂಡಿಯೊಳಗೆ ಬೆಗಿಮಾಯ್ ಇಣುಕಿದಳು. ಸಣ್ಣ ಅಕ್ಷರಗಳನ್ನು ಮತ್ತೆ ತುಟಿಯಲ್ಲೇ ಓದಿಕೊಂಡಳು.

"ಇದೇ ಸಾಕಮ್ಮಾ. ನಡಿ."

"ನೋಡಿದ್ಯಾ? ಮರ್ಯಾದಸ್ಥರು ಹೀಗಿರ್ತಾರೆ," ಅಂದಳು ಅನಾರ್ಕುಲ್, ನಾಲ್ಕಂಗಡಿ ಆಚೆಗೂ ಕೇಳುವಂತೆ.

ಶನಿವಾರ ಕಾಲೇಜಿನ ಹಾಲ್‌ನಲ್ಲಿ ಹನ್ನೊಂದು ಯಂತ್ರಗಳು ಗುಂಯ್‌ಗುಟ್ಟಿದವು. ವೇಗ ಏರಿಸಿದಂತೆ ಒಂದೊಂದೇ ಪರದೆ ನೀಲಿಯಾಗಿ ಸತ್ತಿತು. ಎಂಟನೇ ನಿಮಿಷಕ್ಕೆ ಎರಡೇ ಉಳಿದವು. ಬಾಗಿಲ ಬಳಿ ತುರ್ಗುನ್ ಲೋಟ ಹಿಡಿದು ನಿಂತದ್ದನ್ನು ಅನಾರ್ಕುಲ್ ಕಂಡಳು. ಇಲ್ಲಿಯೂ ಉಗಿಯಲು ಬಂದನೇ! ಮುಖ ತಿರುಗಿಸಿದಳು.

ಒಂಬತ್ತು. ಎದುರಿನ ಪರದೆ ಸತ್ತಿತು. ಹತ್ತು.

ಮಗಳನ್ನು ತಬ್ಬಿಕೊಳ್ಳುವಾಗ ಅನಾರ್ಕುಲ್‌ಗೆ ಮೊದಲು ನೆನಪಾದದ್ದು ಸಾಮತ್‌ನ ಇಸ್ತ್ರಿ ಅಂಗಿ. ಒಂದು ಜೊತೆ ಒಳ್ಳೆಯ ಉಣ್ಣೆಯ ಚಪ್ಪಲಿ ಕೊಡಬೇಕು ಅವನಿಗೆ.

ಗೆದ್ದವರ ಚಿಪ್ ಬಿಚ್ಚಿ ಪರೀಕ್ಷಿಸುವುದು ನಿಯಮ. ತೀರ್ಪುಗಾರ್ತಿ ಫ್ಯಾನ್ ಕಳಚಿದಳು, ಅಂಟು ಒರೆಸಿದಳು. ಅಂಚಿನಲ್ಲಿ ಗೀರು ಕಾಣಿಸಿತು. ಚಿಪ್ ಎತ್ತಿ ಮಗುಚಿ, ಮೂಗು ಸಿಂಡರಿಸಿದಳು.

"ಇದೇನಮ್ಮ, ಪಿನ್ನುಗಳ ಮಧ್ಯೆ ಹಸಿರು ಪುಡಿ? ನಸ್ವಾಯ್ ವಾಸನೆ!"

"ಸೀಲ್ ಹಾಕಿದ್ದು..." ಅಂದಳು ಅನಾರ್ಕುಲ್.

"ಡಬ್ಬ ಸೀಲ್ ಹಾಕಿದ್ದು," ಅಂದಳು ಬೆಗಿಮಾಯ್ ಮೆಲ್ಲಗೆ. "ಚಿಪ್ ಮೇಲಿನ ನಂಬರ್ ಮಾವನ ಡಬ್ಬೀಲಿ ಓದಿದ್ದೇ ಅಮ್ಮಾ. ಇದಕ್ಕಿಂತ ಒಳ್ಳೇದು ಇನ್ನೂ ತನ್ನ ಕೈಗೆ ಬಂದಿಲ್ಲ ಅಂತ ಮಾವ ಅವತ್ತೇ ನನ್ನ ಕಿವೀಲಿ ಹೇಳಿದ್ದ. ನೀನು ಕೋಟಿಗೆ ಕೈ ಒರೆಸ್ತಿದ್ದೆ."

ಅನಾರ್ಕುಲ್ ಚಪ್ಪಲಿ ಮಾರುವವಳು. ಮೂವತ್ತೆಂಟರ ಅಳತೆ ತನ್ನಲ್ಲಿ ಇಲ್ಲದಾಗ ಗಿರಾಕಿಗೆ ಚಹಾ ಕೊಟ್ಟು, ಗೋದಾಮಿಗೆ ಹೋಗುತ್ತೇನೆಂದು ಹೇಳಿ, ಪಕ್ಕದ ಅಂಗಡಿಗೆ ಓಡುವುದು ಅವಳಿಗೆ ದಿನನಿತ್ಯದ ಕೆಲಸ. ಸಾಮತ್ ಅಂದು ಏದುಸಿರು ಬಿಡುತ್ತಾ ಬಂದದ್ದು ಯಾವ ಗೂಡಂಗಡಿಯಿಂದ ಎಂದು ಈಗ ಹೊಳೆಯಿತು.

ಬಾಗಿಲ ಬಳಿ ಯಾರೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅರ್ಧ ತುಂಬಿದ ಕಾಗದದ ಲೋಟ ಮಾತ್ರ ಇತ್ತು.

ತುರ್ಗುನ್ ಕೊಟ್ಟ ಮಾತು ಉಳಿಸಿಕೊಂಡಿದ್ದ.